ಹೆಣ್ಣು ಕೇಳುವ ಛಾಂಗ್

ಮೊರುಪ್ ಬಾಯಿ ತೆರೆದರೆ ಬೌದ್ಧಧರ್ಮ ಸುರಿಯುತ್ತಿತ್ತು, ಅದೂ ದಿನಗೂಲಿಗೆ. ಮಾರ್ಖಾ ಕಣಿವೆಯ ಚಾರಣಕ್ಕೆ ವಿದೇಶಿಯರನ್ನು ಕರೆದೊಯ್ಯುವವರು ಲೇಹ್‌ನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಗಿರಾಕಿಗೆ ಯಾವ ಲಡಾಖ್ ಬೇಕೋ ಆ ಲಡಾಖನ್ನೇ ತೋರಿಸುವ ಜಾಣತನ ಇವನೊಬ್ಬನಿಗೇ ಕರಗತವಾಗಿತ್ತು.

ಈ ಸಲದ ಗಿರಾಕಿ ಜರ್ಮನಿಯ ಉರ್ಸುಲಾ, ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಮೂರು ವರ್ಷದ ಹಿಂದೆ ಬೌದ್ಧಳಾದವಳು. ಆದ್ದರಿಂದ ಹುಟ್ಟಾ ಬೌದ್ಧರ ತಪ್ಪುಗಳೆಲ್ಲ ಅವಳಿಗೆ ಎದ್ದು ಕಾಣುತ್ತಿದ್ದವು. ಗೊಂಪಾ ಎಂಬ ಬೌದ್ಧಮಠದಲ್ಲಿ ಲಾಮಾ ಆಕಳಿಸಿದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳು ಬಲಗಡೆಗೆ ಇರುವಂತೆ ನಡೆಯಬೇಕೆಂದು ಕುದುರೆಗಳಿಗೂ ಉಪದೇಶಿಸಿದಳು. ಪಾಪ, ಅವು ಮರಿಗಳಾಗಿದ್ದಾಗಿನಿಂದ ಹಾಗೆಯೇ ನಡೆಯುತ್ತಿದ್ದವು.

"ಇಲ್ಲಿನ ಜನ ಕುಡೀತಾರಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಈ ಕಣಿವೇಲಿ ಹೆಂಡದ ಒಂದು ಹನೀನೂ ಯಾರೂ ಮುಟ್ಟಲ್ಲ ಮೇಡಂ," ಎಂದು ಮೊರುಪ್ ಕಣ್ಣು ಮುಚ್ಚಿ ಹೇಳಿದ್ದ. ಉರ್ಸುಲಾ ಕಣಿವೆಗೇ ಕೈಮುಗಿದಿದ್ದಳು.

ಆ ಹೊತ್ತಿಗೆ ಹಿಂದಿನ ಕುದುರೆಯ ಮೇಲೆ, ಡೇರೆ ಕಂಬಳಿಗಳ ನಡುವೆ, ಹಳದಿ ಕ್ಯಾನಿನ ತುಂಬ ಛಾಂಗ್ ಎಂಬ ಬಾರ್ಲಿ ಹೆಂಡ ಕುಲುಕುತ್ತ ಬರುತ್ತಿತ್ತು. ಹಂಕರ್ ಊರಿನ ಡೋಲ್ಕರಳನ್ನು ಕೇಳುವುದಕ್ಕೆಂದು ಮೊರುಪನ ತಾಯಿ ಕೈಯಾರೆ ಹುದುಗು ಹಾಕಿ, ಕ್ಯಾನಿನ ಕುತ್ತಿಗೆಗೆ ಶುಭಕ್ಕೆಂದು ಖತಕ್ ಎಂಬ ಬಿಳಿಯ ವಸ್ತ್ರ ಕಟ್ಟಿ ಕೊಟ್ಟದ್ದು ಅದು. ಹುಡುಗನ ಸೋದರಮಾವ ಅದನ್ನು ಬಡಿಸುತ್ತಾನೆ. ಹುಡುಗಿಯ ತಂದೆ ಕುಡಿದರೆ ಒಪ್ಪಿಗೆ. ಕುಡಿಯದಿದ್ದರೆ ಛಾಂಗ್ ಹೇಗೆ ಬಂತೋ ಹಾಗೇ ವಾಪಸು. ಇದಕ್ಕೆಂದು ಬೇರೆ ಪ್ರಯಾಣ ಯಾಕೆ ಎಂದು ಮೊರುಪ್ ಯೋಚಿಸಿದ್ದ. ಕುದುರೆ ಉರ್ಸುಲಾಳ ಖರ್ಚಿನದು, ಕುದುರೆ ಹೊಡೆಯುವವನು ಪುಂಚೋಕ್ ಮಾವನೇ, ಹುಡುಗಿಯ ಊರು ದಾರಿಯಲ್ಲೇ. ಆದರೆ ಡೋಲ್ಕರ್ ಎಂದರೆ ಅವನಿಗೆ ನಿಜವಾಗಿಯೂ ಜೀವ. ಅದೊಂದರಲ್ಲಿ ನಾಟಕವಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಹಂಕರ್ ತಲುಪಿದಾಗ ಪುಂಚೋಕ್ ಮಾವ ಕ್ಯಾನು ಇಳಿಸುತ್ತ ಹೇಳಿದ: "ಮೊದಲು ಆ ಅಜ್ಜೀನ ಮಲಗಿಸು ಮಾರಾಯ."

"ಎರಡು ಗೊಂಪಾ ಹತ್ತಿಸಿ ಇಳಿಸಿದೀನಿ ಮಾವ. ಬೆಳಗಿನವರೆಗೆ ಏಳಲ್ಲ ಅವಳು."

ಡೋಲ್ಕರಳ ತಂದೆ ಗ್ಯಾಲ್ಸನ್ ಅಡುಗೆಮನೆಯಲ್ಲಿ, ಬುದ್ಧನ ಪಟದ ಕೆಳಗೆ, ಹೊಸ ಟೋಪಿ ಹಾಕಿಕೊಂಡು ಕುಳಿತಿದ್ದ. ಒಲೆಯ ಹತ್ತಿರ ಡೋಲ್ಕರ್ ಹಿಟ್ಟು ನಾದುತ್ತಿದ್ದಳು. ಮಾವ ಬಟ್ಟಲು ತುಂಬಿಸಿ, ಮಾತಾಡಬೇಕಾದದ್ದನ್ನೆಲ್ಲ ಮಾತಾಡಿದ. ಗ್ಯಾಲ್ಸನ್ ಬೇಡ ಬೇಡ ಎಂದು ಮೂರು ಸಲ ಮರ್ಯಾದೆಗೆ ಹೇಳಿ, ಕೊನೆಗೆ ಬಟ್ಟಲು ಎತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಉರ್ಸುಲಾ!

"ಇದು ಮದ್ಯ ಅಲ್ವಾ?" ಅವಳು ಬಟ್ಟಲಿನತ್ತ ಬೆರಳು ಚಾಚಿದಳು. "ಬುದ್ಧನ ಮುಂದೇನೇ, ಕುಡೀಬಾರದು ಅನ್ನೋ ಐದನೇ ಶೀಲ ಮುರೀತಿದಾರೆ ಅಂತ ಇವರಿಗೆ ಹೇಳು. ಇದು ಪಾಪ!"

"ಏನಂತಾಳೆ ಅಜ್ಜಿ?" ಎಂದ ಗ್ಯಾಲ್ಸನ್, ಬಟ್ಟಲನ್ನು ಗಾಳಿಯಲ್ಲೇ ಹಿಡಿದು.

"ನಿಮ್ಮಂಥ ಧರ್ಮಿಷ್ಠರ ಮನೆಗೆ ಬಂದಿದ್ದೇ ಪುಣ್ಯ ಅಂತಾಳೆ," ಎಂದ ಮೊರುಪ್.

"ಹೌದಾ! ಹಂಗಾದ್ರೆ ಅವಳಿಗೂ ಒಂದು ಬಟ್ಟಲು ಹಾಕು. ಮಗಳ ಮದುವೆ ಮಾತು ಅಂತ ಹೇಳು."

ಮೊರುಪ್ ಉರ್ಸುಲಾಳ ಕಡೆ ತಿರುಗಿದ. "ಇದು ಮದ್ಯ ಅಲ್ಲ ಮೇಡಂ, ಔಷಧಿ. ಇವರಿಗೆ ಹೊಟ್ಟೇಲಿ ದೊಡ್ಡ ಕಾಯಿಲೆ. ಜಾಸ್ತಿ ದಿನ ಇಲ್ಲ."

ಉರ್ಸುಲಾ ಧಾವಿಸಿ ಬಂದು ಗ್ಯಾಲ್ಸನ್‌ನ ಕೈ ಹಿಡಿದು ಕಣ್ಣೀರು ಹಾಕಿದಳು.

"ಇದ್ಯಾಕೋ ಅಳ್ತಾಳೆ?"

"ಮಗಳ ಮದುವೆ ಅಂದೆನಲ್ಲ, ಸಂತೋಷ ತಡೀಲಾರದೆ."

ಡೋಲ್ಕರ್ ಕಿಸಕ್ಕನೆ ನಕ್ಕಳು. ನಾಲ್ಕು ಬೇಸಿಗೆ ಲೇಹ್‌ನ ಅತಿಥಿಗೃಹದಲ್ಲಿ ದುಡಿದವಳಿಗೆ ಉರ್ಸುಲಾ ಆಡುವ ಇಂಗ್ಲಿಷೂ ಬರುತ್ತಿತ್ತು. ಮೊರುಪ್ ಅವಳನ್ನು ಮೊದಲು ಕಂಡದ್ದೂ ಅಲ್ಲಿಯೇ. ಸ್ವಲ್ಪ ಹೊತ್ತಿಗೆ ಅವಳ ನಗು ನಿಂತಿತು. ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು.

"ಅಪ್ಪಾ, ಬಟ್ಟಲು ಕೆಳಗಿಡು. ಅವಳು ಹೇಳಿದ್ದು ನೀನು ಪಾಪಿ ಅಂತ. ಇವನು ಅವಳಿಗೆ ಹೇಳಿದ್ದು ನೀನು ಸಾಯೋ ರೋಗಿ ಅಂತ."

"ಎಲ್ಲ ನಿನಗೋಸ್ಕರ ಕಣೇ!" ಮೊರುಪ್ ಅಂಗಲಾಚಿದ. "ಅಪ್ಪ ಕುಡೀಲಿ ಅಂತ."

"ಗೊತ್ತು. ನಾಳೆ ನಿಮ್ಮಮ್ಮನ ಮಾತನ್ನ ನಂಗೆ, ನನ್ನ ಮಾತನ್ನ ನಿಮ್ಮಮ್ಮಂಗೆ ನೀನೇ ತಾನೆ ಮುಟ್ಟಿಸೋದು? ಆಗ ನಂಗೆ ಯಾವ ಕಾಯಿಲೆ ಅಂಟಿಸ್ತೀಯ?"

ಗ್ಯಾಲ್ಸನ್ ತುಟಿಗೆ ಸೋಕಿಸದೆ ಬಟ್ಟಲನ್ನು ಕೆಳಗಿಟ್ಟ. ಯಾರೂ ಬೈಯಲಿಲ್ಲ. ಬೈದಿದ್ದರೆ ಮೊರುಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮಾವ ಛಾಂಗನ್ನು ಮತ್ತೆ ಕ್ಯಾನಿಗೆ ಸುರಿದು ಮುಚ್ಚಳ ಹಾಕಿದ.

ಎರಡು ದಿನದ ನಂತರ ಕೊಂಗ್ಮಾರು ಕಣಿವೆದಾರಿಯ ನೆತ್ತಿಯಲ್ಲಿ ಹಿಮಗಾಳಿ ಬೀಸಿತು. ಉರ್ಸುಲಾಳ ತುಟಿ ನೀಲಿಗಟ್ಟಿತು, ಹಲ್ಲು ಕಟಕಟ ಎಂದವು. ಫ್ಲಾಸ್ಕಿನಲ್ಲಿ ಚಹಾ ಮುಗಿದಿತ್ತು. ಮಾವ ಯಾರನ್ನೂ ಕೇಳದೆ ಕ್ಯಾನು ಬಿಚ್ಚಿ ಬಟ್ಟಲು ತುಂಬಿಸಿದ. ಅವಳು ಐದನೆಯ ಶೀಲದ ಸುದ್ದಿ ಎತ್ತದೆ ಗಟಗಟ ಕುಡಿದಳು, ಇನ್ನೊಂದು ಕೇಳಿದಳು.

"ಅಳಿಯಾ," ಎಂದು ಮಾವ ಹೊಟ್ಟೆ ಹಿಡಿದು ನಕ್ಕ, "ಕುಡಿದವರು ಒಪ್ಪಿದ ಹಂಗೆ ತಾನೆ? ಸೊಸೆ ಸಿಕ್ಕಿದ್ಲು, ವಯಸ್ಸು ಒಂಚೂರು ಜಾಸ್ತಿ ಅಂತ ನಿಮ್ಮಮ್ಮಂಗೆ ಹೇಳು!"

"ಏನಂತಾನೆ?" ಎಂದಳು ಉರ್ಸುಲಾ.

ಪರ್ವತದೇವತೆಗೆ ಕೈಮುಗಿಯುತ್ತಿದ್ದಾನೆ ಎಂಬ ಮಾತು ಮೊರುಪನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಡೋಲ್ಕರ್ ಕೇಳಿದ ಪ್ರಶ್ನೆ ಎರಡು ದಿನದಿಂದ ಅವನನ್ನು ಮಲಗಗೊಟ್ಟಿರಲಿಲ್ಲ. ಅವನು ಎಲ್ಲವನ್ನೂ ಹೇಳಿಬಿಟ್ಟ. ಛಾಂಗ್ ಯಾಕೆ ತಂದದ್ದು, ಯಾರು ಯಾರಿಗೆ ಏನೆಂದರು, ಇಲ್ಲದ ಕಾಯಿಲೆ, ಮಾವನ ನಗು, ಎಲ್ಲ ಇದ್ದದ್ದು ಇದ್ದ ಹಾಗೆ. ಇಷ್ಟು ಕಷ್ಟಪಟ್ಟು ನಿಜ ಹೇಳಿದ್ದಕ್ಕೆ ಒಂದು ಅಯ್ಯೋ ಪಾಪವಾದರೂ ಸಿಕ್ಕೀತೆಂದು ಅವಳ ಮುಖ ನೋಡಿದ.

"ಆ ಹುಡುಗಿಗೆ ಇಂಗ್ಲಿಷ್ ಬಂದಿದ್ದು ಒಳ್ಳೇದಾಯ್ತು," ಎಂದು ಉರ್ಸುಲಾ ಖಾಲಿ ಬಟ್ಟಲನ್ನು ಅವನ ಮುಂದೆ ಚಾಚಿದಳು. "ಇಲ್ಲದಿದ್ರೆ ನನ್ನ ಹಾಗೆ ಅವಳೂ ನಿನ್ನನ್ನ ನಂಬಿಬಿಡ್ತಿದ್ದಳು."