ಆಪರೇಟರಮ್ಮನ ಗುರುವಾರ

ಸೋಮವಾರ ನಾವು ಕನ್ನಡಕಗಳನ್ನು ತೊಳೆದೆವು. ಊರಿನವರು ಬಳಸಿ ಬಿಟ್ಟ, ಬಡವರಿಗೆ ಹಂಚಲು ನಾವು ಕೂಡಿಸಿದ ಮುನ್ನೂರಕ್ಕೂ ಹೆಚ್ಚು ಕನ್ನಡಕಗಳು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ, ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಎದುರು ಗೋಡೆಯ ತುಂಬ ಬೆಳಕಿನ ಸಣ್ಣ ಬಿಲ್ಲೆಗಳು ಮೂಡಿದವು. ಏಳಲೋ ಬೇಡವೋ ಎಂದು ನಿದ್ದೆಗಣ್ಣಿನಲ್ಲಿ ಯೋಚಿಸುತ್ತಿರುವವರ ಹಾಗೆ ಅವು ಅಲುಗುತ್ತಿದ್ದವು.

ನಮ್ಮ ಸೇವಾ ಸಂಘಕ್ಕೆ ಈ ವರ್ಷ ನಾನು ಮುಂದಾಳು. ಪದವಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದವಳು ನಾನೊಬ್ಬಳೇ ಆದ್ದರಿಂದ ಪಟ್ಟ ನನ್ನ ತಲೆಗೆ ಬಂತು. ಕಾರ್ಯದರ್ಶಿಯಾದ ನಿವೃತ್ತ ಮೇಷ್ಟ್ರು, ನಾವು ವಾರಕ್ಕೊಮ್ಮೆ ಹೋಗಿಬರುವ ಒಂಟಿ ವೃದ್ಧರ ಮನೆಗಳೂ ಸೇರಿ, ಎಲ್ಲದಕ್ಕೂ ಗೆರೆ ಎಳೆದು ಪಟ್ಟಿ ಮಾಡುವವರು. ಬೆನ್ನ ಹಿಂದೆ ನಾವು ಅವರನ್ನು ಕಾಲಂ ಮೇಷ್ಟ್ರು ಎನ್ನುತ್ತಿದ್ದೆವು.

“ಏನಮ್ಮಾ, ಆಪರೇಟರಮ್ಮನ ಮನೆದು ಏನು ಕಥೆ? ಆರು ವಾರದಿಂದ ‘ಮಾಡಿದ ಕೆಲಸ’ ಅನ್ನೋ ಕಾಲಂ ಖಾಲಿ. ಅಲ್ಲಿ ಹೋಗಿ ನೀನು ಮಾಡೋದಾದ್ರೂ ಏನು?”

“ಕೂತ್ಕೋತೀನಿ, ಮೇಷ್ಟ್ರೇ.”

“ಕೂತ್ಕೊಂಡು?”

“ಅಷ್ಟೇ.”

“ಕೂತ್ಕೊಳ್ಳೋಕೆ ನಮ್ಮನೇಲೂ ಕುರ್ಚಿ ಇದೆ ಕಣಮ್ಮ. ಶನಿವಾರದ ಸಭೇಲಿ ಆ ಮನೇನ ಪಟ್ಟಿಯಿಂದ ತೆಗೆದುಹಾಕೋಣ. ಆ ಗಂಟೆ ಕನ್ನಡಕಕ್ಕಾದ್ರೂ ಆಗುತ್ತೆ.”

ನಾನು ಏನಾದರೂ ಹೇಳಬೇಕಿತ್ತು. ತೊಳೆದ ಕನ್ನಡಕವನ್ನೇ ಮತ್ತೆ ತೊಳೆದೆ.

ಆಪರೇಟರಮ್ಮ ದೂರವಾಣಿ ಕೇಂದ್ರದಲ್ಲಿ ಮೂವತ್ತೆಂಟು ವರ್ಷ ಕರೆಗಳನ್ನು ಜೋಡಿಸಿಕೊಟ್ಟವರು. ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಮೊದಲ ಗುರುವಾರವೇ ಅವರು ಹೇಳಿದ್ದರು: “ನೋಡು ಮಗಳೇ, ಒಬ್ಬಳೇ ಇದ್ರೆ ಫೋನಲ್ಲಿ ಕೇಳಿದ ಆ ದನಿಗಳೆಲ್ಲ ತಿರುಗಿ ಬರ್ತವೆ. ಅವರನ್ನ ಕೊಡಿ, ಇವರನ್ನ ಕೊಡಿ ಅಂತ. ಪಕ್ಕದಲ್ಲಿ ಯಾರಾದ್ರೂ ಸುಮ್ನೆ ಕೂತ್ರೆ ಬರಲ್ಲ. ಮಾತಾಡಬಾರದು. ಆಗುತ್ತಾ ನಿನ್ನ ಕೈಲಿ?”

ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದವಳು ಎಂದು ಅಮ್ಮನಿಂದ ದಿನವೂ ಬೈಸಿಕೊಳ್ಳುವ ನನಗೆ, ಆ ಬೀಗ ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮಂಗಳವಾರ ರಕ್ತದಾನ, ಬುಧವಾರ ಆಸ್ಪತ್ರೆಯ ಗೋಡೆಗೆ ಬಣ್ಣ. ಎರಡು ದಿನಗಳೂ ಬೇರೆ ಯಾರೋ ಬದುಕಿ ನನಗೆ ಹೇಳಿದ ಹಾಗೆ ಕಳೆದವು. ಗುರುವಾರ ಮಸೂರಗಳ ಪವರ್ ಅಳೆಯಲು ಕಣ್ಣಿನ ಡಾಕ್ಟರರ ಸಹಾಯಕಿ ಬರುವವರಿದ್ದರು. ನಾನು ಗ್ರಂಥಾಲಯದಲ್ಲೇ ಇರಬೇಕಿತ್ತು. ಆಪರೇಟರಮ್ಮನ ಮನೆಗೆ, ನಮ್ಮ ಸಂಘದಲ್ಲಿ ಕಲ್ಲನ್ನೂ ಮಾತಾಡಿಸುವ ಇಬ್ಬರು ಅಕ್ಕತಂಗಿಯರನ್ನು ಕಳಿಸಿದೆ. ಅಲ್ಲಿ ಸುಮ್ಮನಿರಬೇಕು ಎಂದು ಅವರಿಗೆ ಹೇಳಲಿಲ್ಲ. ಮರೆತಿರಲಿಲ್ಲ. ಒಂದು ವಾರ ಕಾಲಂ ತುಂಬಿದರೆ ಮನೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಸಂಜೆ ಅವರು ತಂದ ಪಟ್ಟಿಯಲ್ಲಿ ಅಕ್ಷರಗಳು ಕಾಲಂ ದಾಟಿ ಅಂಚಿಗೂ ಹರಿದಿದ್ದವು. ಮೂರು ಹಾಡು, ಹತ್ತು ಒಗಟು, ಕಪಾಟು ಒರೆಸಿದ್ದು, ಹಳೆಯ ನೆನಪು ಕೇಳಿದ್ದು.

“ಅಕ್ಕಾ, ಅಜ್ಜಿಗೆ ಎಷ್ಟು ನಾಚಿಕೆ ಅಂತೀಯಾ! ಕೊನೇವರೆಗೂ ಕಣ್ಣು ಮುಚ್ಕೊಂಡೇ ಕೂತಿದ್ರು,” ಎಂದಳು ಇಬ್ಬರಲ್ಲಿ ಕಿರಿಯವಳು.

“ಭೇಷ್! ಕೆಲಸ ಅಂದ್ರೆ ಇದು!” ಎಂದರು ಮೇಷ್ಟ್ರು.

ಶುಕ್ರವಾರ ದರ್ಜಿ ನನ್ನನ್ನು ರಸ್ತೆಯಲ್ಲೇ ತಡೆದರು. “ನಿಮ್ಮ ಸಂಘದೋರು ಇನ್ನು ಬರೋದು ಬೇಡ್ವಂತೆ, ಮೇಲಿನ ಕೋಣೆ ಅಮ್ಮ ಹೇಳಿದ್ರು. ನಿನ್ನೆಯಿಂದ ಒಂದೇ ಸಮ ರೇಡಿಯೋ ಹಾಕ್ಕೊಂಡಿದಾರಮ್ಮ. ಇಷ್ಟು ವರ್ಷದಲ್ಲಿ ಒಂದು ದಿನ ಹಾಕಿದ್ದು ನಾ ಕೇಳಿಲ್ಲ.”

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಆಪರೇಟರಮ್ಮ ಬಾಗಿಲನ್ನು ಅರ್ಧ ತೆರೆದರು. ಹಿಂದೆ ರೇಡಿಯೋದಲ್ಲಿ ಯಾರೋ ಹವಾಮಾನ ವರದಿ ಓದುತ್ತಿದ್ದರು.

“ಅವರನ್ನ ಕಳಿಸಿದ್ದು ನೀನೇನಾ?”

“ಹೌದು, ಅಜ್ಜಿ.”

“ನಾ ಹೇಳಿದ್ದನ್ನ ಅವರಿಗೆ ಹೇಳಲಿಲ್ವಾ?”

“ಇಲ್ಲ. ಕಾಲಂ ಖಾಲಿ ಇದ್ರೆ ಈ ಮನೆ ಪಟ್ಟಿಯಿಂದ ತೆಗೀತಾರೆ. ಅದಕ್ಕೇ...”

ಅವರು ನನ್ನನ್ನೇ ನೋಡಿದರು. “ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ ನೀನು. ಅದಕ್ಕೆ ಸುಮ್ನಿರೋದು ಅನ್ನಲ್ಲ ಮಗಳೇ.”

ನಾನು ಹೊರಡಲು ತಿರುಗಿದೆ. ಹಿಂದೆ ರೇಡಿಯೋ ನಿಂತಿತು, ಕುರ್ಚಿ ಎಳೆದ ಸದ್ದಾಯಿತು.

ಕೂತೆವು. ಕೆಳಗಿನ ಇಸ್ತ್ರಿಯ ಬಿಸಿ ವಾಸನೆ ನೆಲದ ಸಂದಿನಿಂದ ಮೇಲೆ ಬರುತ್ತಿತ್ತು. ಹೊಲಿಗೆ ಯಂತ್ರ ಓಡಿತು, ನಿಂತಿತು. ಬಿಸಿಲು ಹಾಸಿಗೆಯಿಂದ ಜಾರಿ ನೆಲಕ್ಕಿಳಿದು ನನ್ನ ಚಪ್ಪಲಿಯವರೆಗೆ ಬಂತು. ಯಾವುದೋ ಊರುಗಳಲ್ಲಿ ಯಾರು ಯಾರೋ ರಿಸೀವರ್ ಹಿಡಿದು, ಇವತ್ತು ಬೇಡ ಬಿಡಿ ಎಂದು ಒಬ್ಬೊಬ್ಬರಾಗಿ ಕೆಳಗಿಡುತ್ತಿರುವಂತೆ ನನಗನಿಸಿತು. ಆಪರೇಟರಮ್ಮನ ಕೈ ಕಿವಿಯ ಬಳಿಯಿಂದ ಮಡಿಲಿಗೆ ಇಳಿಯಿತು.

ಗಂಟೆ ಮುಗಿದಾಗ ಅವರೇ ನನ್ನ ಚೀಲದಲ್ಲಿದ್ದ ಪಟ್ಟಿ ಕೇಳಿ ಪಡೆದು, ನಿನ್ನೆಯ ಸಾಲಿನ ಕೆಳಗೆ ಗುಂಡಗೆ ಬರೆದರು: “ಒಂದು ಗಂಟೆ. ಯಾರೂ ಕರೆ ಮಾಡಲಿಲ್ಲ.”

ಶನಿವಾರದ ಸಭೆಯಲ್ಲಿ ಮೇಷ್ಟ್ರು ಅದನ್ನು ಎರಡು ಸಲ ಓದಿದರು. “ಇದು ಯಾವ ಸೀಮೆ ಕೆಲಸ?”

ಎದ್ದು ನಿಂತೆ. ನನ್ನ ದನಿ ಬೇರೆ ಕೋಣೆಯಿಂದ ಬಂದ ಹಾಗಿತ್ತು. ಆ ದನಿಗಳ ಬಗ್ಗೆ ಹೇಳಿದೆ, ರೇಡಿಯೋ ಬಗ್ಗೆ ಹೇಳಿದೆ. “ಗುರುವಾರದ ತಪ್ಪು ನಂದು, ಮೇಷ್ಟ್ರೇ. ಆ ಮನೇಲಿ ಸುಮ್ನೆ ಕೂರೋದೇ ಕೆಲಸ. ಅದನ್ನ ತೆಗೀಬೇಡಿ.”

“ನಮಗೊಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?” ಎಂದಳು ಅಕ್ಕತಂಗಿಯರಲ್ಲಿ ಹಿರಿಯವಳು. ಅವಳ ಕಣ್ಣು ತುಂಬಿತ್ತು.

“ಹೇಳ್ಬೇಕಿತ್ತು ಕಣೆ.”

ಮೇಷ್ಟ್ರು ಪೆನ್ಸಿಲನ್ನು ಆ ಸಾಲಿನ ಮೇಲೆ ಬಹಳ ಹೊತ್ತು ಹಿಡಿದಿದ್ದರು. ಕಟ್ಟೆಯ ಮೇಲಿನ ಕನ್ನಡಕಗಳಿಂದ ಒಂದು ಬಿಲ್ಲೆ ಬೆಳಕು ಅವರ ಕೈ ಮೇಲೆ ಕೂತಿತ್ತು.

“ಗುರುವಾರ ಎಷ್ಟಕ್ಕೆ?”

“ನಾಲ್ಕಕ್ಕೆ.”

ಮುಂದಿನ ವಾರದ ಪಟ್ಟಿಯಲ್ಲಿ ‘ನಾಲ್ಕು’ ಎಂದು ಬರೆದರು, ನನ್ನ ಹೆಸರು ಬರೆದರು. ಪಕ್ಕದ ಕಾಲಂಗೆ ಬಂದು ಪೆನ್ಸಿಲ್ ನಿಂತಿತು. ಆಮೇಲೆ ಅದನ್ನು ಹಾಗೇ ಖಾಲಿ ಬಿಟ್ಟು, ಕೆಳಗಿನ ಸಾಲಿಗೆ ಹೋದರು.