ಐದನೆಯ ಟವಲು

ಕೃಷ್ಣರಾಜನಗರದಿಂದ ಮೈಸೂರಿಗೆ ಬೆಳಿಗ್ಗೆ ಏಳು ಗಂಟೆಗೆ ಹೊರಡುವ ಬಸ್ಸಿನಲ್ಲಿ ನಾನು ಆರು ವರ್ಷ ಓಡಾಡಿದೆ. ಮೈಸೂರಿನ ಬಟ್ಟೆ ಅಂಗಡಿಯೊಂದರಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವುದು ನನ್ನ ಕೆಲಸ. ಅಂಗಡಿಯಲ್ಲಿ ಹಗಲೆಲ್ಲ ನಿಂತಿರಬೇಕು. ಬಸ್ಸಿನಲ್ಲಿ ಹೋಗುವಾಗಲೂ ನಿಂತು, ಬರುವಾಗಲೂ ನಿಂತು, ಮನೆಗೆ ಬಂದು ಊಟಕ್ಕೆ ಕೂತರೆ ಮಂಡಿ ಮಡಚುತ್ತಿರಲಿಲ್ಲ. ಸೀಟೇ ಇಲ್ಲದೆ ನಿಂತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸೀಟು ಇತ್ತು. ಖಾಲಿ ಸೀಟಿನ ಪಕ್ಕದಲ್ಲೇ ನಾವು ನಿಲ್ಲಬೇಕಾಗಿತ್ತು.

ಟವಲು ಹಾಕಿ ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಕಿಟಕಿಯಿಂದ ಕೈ ತೂರಿಸಿ ಟವಲು ಎಸೆದರೆ ಮುಗಿಯಿತು, ಆ ಸೀಟು ಟವಲಿನವನದು. ಅವನು ಕಾಫಿ ಕುಡಿದು, ಬೀಡಿ ಸೇದಿ ನಿಧಾನವಾಗಿ ಬಂದರೂ ಯಾರೂ ಅದರ ಮೇಲೆ ಕೂರುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ. ನಾನೂ ಎಸೆದಿದ್ದೇನೆ. ಆದರೆ ಡ್ರೈವರ್ ಹಿಂದಿನ ಎರಡು ಬೆಂಚುಗಳ ಕಥೆ ಬೇರೆ. ಊರಿನಿಂದ ಎರಡು ಮೈಲಿ ಆಚೆ, ಮೈಸೂರು ರಸ್ತೆಯಲ್ಲಿ, ಚನ್ನಬಸವಣ್ಣನ ಅಕ್ಕಿ ಗಿರಣಿ ಇತ್ತು. ಅವನೂ ಅವನ ಮೂವರು ಸ್ನೇಹಿತರೂ ಹತ್ತುತ್ತಿದ್ದದ್ದು ಆ ಗಿರಣಿಯ ಬಾಗಿಲಲ್ಲಿ. ಅವರ ಟವಲುಗಳು ಮಾತ್ರ ಹಿಂದಿನ ಸಂಜೆಯೇ ಕಂಡಕ್ಟರ್ ಬೆಟ್ಟಸ್ವಾಮಿಯ ಕೈ ಸೇರಿರುತ್ತಿದ್ದವು. ಅವನು ಬೆಳಿಗ್ಗೆ ಬಸ್ಸಿಗೆ ಬಂದವನೇ ದೇವರಿಗೆ ಹೂ ಏರಿಸುವ ಹಾಗೆ ಅವುಗಳನ್ನು ಸೀಟಿನ ಮೇಲೆ ಹಾಸುತ್ತಿದ್ದ. ಆಮೇಲೆ ಬಸ್ ನಿಲ್ದಾಣದಲ್ಲಿ ನಿಂತ ಬಸುರಿ ಬಾಣಂತಿಯರಿಗೆ ಜಾಗ ಇಲ್ಲ, ಒಂಬತ್ತು ಗಂಟೆ ಬಸ್ಸಿಗೆ ಬನ್ನಿ ಅನ್ನುತ್ತಿದ್ದ. ಚನ್ನಬಸವಣ್ಣ ನಮ್ಮ ಜನವೇ, ದೂರದ ನೆಂಟನೂ ಹೌದು. ಅದಕ್ಕೇ ನನಗೆ ಇನ್ನಷ್ಟು ಉರಿಯುತ್ತಿತ್ತು.

ಐವತ್ತೈದನೇ ಇಸವಿಯ ಮಳೆಗಾಲ. ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಆವತ್ತು ನಾನು ಬಸ್ ಹತ್ತಿದಾಗ ಮುಂದಿನ ಬೆಂಚುಗಳ ಮೇಲೆ ನಾಲ್ಕರ ಬದಲು ಐದು ಟವಲು ಇದ್ದವು. ಇವರ ಸೊಕ್ಕು ಇನ್ನೊಂದು ಸೀಟಿನಷ್ಟು ಬೆಳೆಯಿತಲ್ಲ ಅಂದುಕೊಂಡು ಕಂಬ ಹಿಡಿದು ನಿಂತೆ.

ಬಸ್ಸು ಹೊರಡುವ ಹೊತ್ತಿಗೆ ಒಬ್ಬ ಮುದುಕನೂ ಹದಿನೇಳು ಹದಿನೆಂಟರ ಹುಡುಗಿಯೂ ಹತ್ತಿದರು. ಮುದುಕ ಹೊಸ ಅಗ್ರಹಾರದ ಚಿಕ್ಕಮಾದಯ್ಯ. ನಮ್ಮ ಮಾವನ ಗದ್ದೆಯಲ್ಲಿ ದುಡಿದವನು, ನನಗೆ ಗುರುತಿತ್ತು. ಹುಡುಗಿ ಅವನ ಮಗಳು ಪುಟ್ಟಲಕ್ಷ್ಮಿ. ಕತ್ತಲೆಯಲ್ಲೇ ಊರು ಬಿಟ್ಟು ನಡೆದುಕೊಂಡು ಬಂದಿದ್ದರು. ಅವಳ ಕಾಲಿನ ಹೆಬ್ಬೆರಳು ಎಡವಿ ಒಡೆದು, ಚಿಂದಿ ಸುತ್ತಿದ್ದಳು. ಎಲ್ಲಿಗೆ ಅಂತ ಕೇಳಿದೆ. ಮೈಸೂರಿನ ಆಸ್ಪತ್ರೆಯಲ್ಲಿ ದಾದಿಯರ ತರಬೇತಿಗೆ ಹುಡುಗಿಯರನ್ನು ಆರಿಸುತ್ತಾರಂತೆ, ಹತ್ತು ಗಂಟೆಗೆ ಹಾಜರಿರಬೇಕಂತೆ, ಕರೆದ ಕಾಗದ ತೋರಿಸದಿದ್ದರೆ ಬಾಗಿಲೊಳಗೂ ಬಿಡುವುದಿಲ್ಲವಂತೆ. ಮುದುಕ ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ. ಹೇಳುವಾಗ ಅವನ ಕಣ್ಣು ಮುಂದಿನ ಬೆಂಚಿನ ಕಡೆಗೇ ಹೋಗುತ್ತಿತ್ತು. ಸೀಟಿನ ಆಸೆ ಅಂದುಕೊಂಡೆ.

ಬಸ್ಸು ಊರು ದಾಟಿದ ಮೇಲೆ, ಗಿರಣಿ ಬರುವವರೆಗಾದರೂ ಹುಡುಗಿ ಕೂತುಕೊಳ್ಳಲಿ ಅಂತ ಬೆಟ್ಟಸ್ವಾಮಿಗೆ ಹೇಳಿದೆ. ಅವನು ಟಿಕೆಟ್ ಹರಿಯುತ್ತಲೇ ನಕ್ಕ.

"ಮುಂದ್ಲು ಸೀಟಲ್ಲಿ ಎಂತೋರು ಕೂರ್ಬೇಕು ಅಂತ ನಿಮ್ಗೂ ನಾನು ಯೇಳ್ಕೊಡ್ಬೇಕಾ ಕಂಠಪ್ಪನೋರೇ? ಯಜಮಾನ್ರು ಬಂದು ಆ ಸೀಟ್ನಲ್ಲಿ ಕೂತ್ಕತಾರಾ ಆಮೇಲೆ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಗೆ ಕೇಳಿಸಿತು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಆರು ವರ್ಷದ ಸಿಟ್ಟು ನನ್ನ ತಲೆಗೆ ಏರಿತು. ಜನರನ್ನು ತಳ್ಳಿಕೊಂಡು ಮುಂದೆ ಹೋದೆ. ಒಂದೊಂದೇ ಟವಲು ಬಾಚಿ ಕಿಟಕಿಯಿಂದ ಆಚೆ ಎಸೆದೆ. ಮೊದಲನೆಯದು ಚನ್ನಬಸವಣ್ಣನ ಜರಿ ಅಂಚಿನ ವಲ್ಲಿ. ಆಮೇಲಿನ ಮೂರು ಒಳ್ಳೆಯ ಮಗ್ಗದವು. ಐದನೆಯದು ಒರಟು ನೂಲಿನದು, ಹತ್ತಾರು ಸಲ ಹೊಲಿದದ್ದು, ಒಂದು ಮೂಲೆಯಲ್ಲಿ ಗಂಟು. ದಿನವೂ ಬಟ್ಟೆ ಮುಟ್ಟುವ ಕೈಗೆ ಅದು ಬೇರೆ ಎಂದು ಗೊತ್ತಾಯಿತು. ತಲೆಗೆ ಗೊತ್ತಾಗುವಷ್ಟರಲ್ಲಿ ಕೈ ಅದನ್ನೂ ಬಿಟ್ಟಿತ್ತು.

"ಬಾರಮ್ಮ, ಕೂತ್ಕೊ" ಅಂತ ಹುಡುಗಿಯನ್ನು ಕರೆದೆ. ಅವಳು ಬರಲಿಲ್ಲ. ಅಪ್ಪನ ಮುಖ ನೋಡುತ್ತಿದ್ದಳು. ಚಿಕ್ಕಮಾದಯ್ಯ ತನ್ನ ಬರಿಯ ಹೆಗಲನ್ನು ಸವರಿಕೊಳ್ಳುತ್ತಾ ನಿಂತಿದ್ದ. ಏನಯ್ಯ ಅಂದೆ.

"ಅದ್ರಲ್ಲಿ ಒಂದು ನಂದು ಬುದ್ಧಿ. ಮಗ್ಳು ನಡ್ದು ಸುಸ್ತಾಗವ್ಳೆ ಅಂತ ಮೊದ್ಲೇ ಬಂದು ಆಕಿದ್ದೆ. ಕಾಗ್ದ ಅದ್ರ ಗಂಟ್ನಲ್ಲೇ ಇತ್ತು."

ಮಗಳನ್ನು ನಲ್ಲಿಯ ಹತ್ತಿರ ಕಾಲು ತೊಳೆಯಲು ಬಿಟ್ಟು ಬಂದು ಎಲ್ಲರಂತೆ ಸೀಟು ಹಿಡಿದಿದ್ದಾನೆ. ಒಂದು ಗಳಿಗೆಯಲ್ಲಿ ಬಂದು ಕೂರುತ್ತೇವಲ್ಲ ಎಂದು ಗಂಟು ಬಿಚ್ಚಿಲ್ಲ. ವಾಪಸು ಬಂದಾಗ ಸುತ್ತಲೂ ಯಜಮಾನರ ಟವಲುಗಳು. ಬೆಟ್ಟಸ್ವಾಮಿ ಹಿಂದಕ್ಕೆ ಹೋಗು ಎಂದು ಗದರಿದ್ದಾನೆ. ಟವಲು ತನ್ನದು ಅನ್ನಲು ಇವನಿಗೆ ಬಾಯಿ ಬಂದಿಲ್ಲ.

ಬಸ್ ನಿಲ್ಲಿಸು ಅಂತ ಕೂಗಿದೆ. ಡ್ರೈವರ್ ನಿಲ್ಲಿಸಲಿಲ್ಲ. ರಸ್ತೆ ಕಿರಿದು, ಎರಡೂ ಕಡೆ ಗದ್ದೆ, ಇಲ್ಲಿ ತಿರುಗಿಸಲು ಆಗುವುದೇ ಇಲ್ಲ ಅಂದ. ನಾವು ಇಳಿದು ಹೋಗಿ ತರುತ್ತೇವೆ, ಹತ್ತು ನಿಮಿಷ ನಿಲ್ಲು ಅಂದೆ. ಚಿಂದಿ ಆರಿಸಲು ಹೋದವರಿಗೆ ಕಾಯುವ ಬಸ್ಸಲ್ಲ ಇದು ಎಂದ ಬೆಟ್ಟಸ್ವಾಮಿ. ಹಿಂದೆ ನಿಂತಿದ್ದವರೂ ಅವನ ಪರವೇ. ಕಚೇರಿಗೆ ಹೊತ್ತಾಗುತ್ತದೆ, ಎಸೆದವನು ನೀನು, ನೀನೇ ಅನುಭವಿಸು ಅಂದರು. ಅವರೂ ನನ್ನ ಜೊತೆ ದಿನಾ ನಿಲ್ಲುವವರೇ. ಎಷ್ಟೋ ಸಲ ನನ್ನ ಹೆಗಲ ಮೇಲೆ ತೂಕಡಿಸಿದವರು. ಅವರನ್ನು ಏನೆಂದು ಬೈದೆನೋ ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ಗಿರಣಿ ಬಂತು. ಚನ್ನಬಸವಣ್ಣ ಹತ್ತಿದ. ಹಿಂದೆ ಮೂವರು. ಬರಿಯ ಬೆಂಚು ನೋಡಿ ಬೆಟ್ಟಸ್ವಾಮಿಯ ಮುಖ ನೋಡಿದ. ಬೆಟ್ಟಸ್ವಾಮಿ ನನ್ನ ಕಡೆ ಬೆರಳು ತೋರಿಸಿದ.

"ಏನ್ಲಾ ಕಂಠಪ್ಪ, ಬೀಗ್ರು ಕೊಟ್ಟ ವಲ್ಲಿ ಕಣ್ಲಾ ಅದು. ಎಲ್ಲಿ ಎಸ್ದೆ?"

"ಗದ್ದೆಗೆ" ಅಂದೆ.

ಅವನು ಡ್ರೈವರ್ ಕಡೆ ತಿರುಗಿ ಕೈ ಆಡಿಸಿದ, ಅಷ್ಟೇ. ಕಾಗದದ ಮಾತು ಬಂದಾಗ ತಿರುಗಿಸಲು ಆಗದಿದ್ದ ಬಸ್ಸು ಜರಿಯ ವಲ್ಲಿಗೆ ಗಿರಣಿಯ ಅಂಗಳದಲ್ಲಿ ಎರಡೇ ಸಲ ಹಿಂದೆ ಮುಂದೆ ಆಗಿ ತಿರುಗಿಕೊಂಡಿತು. ಹೊತ್ತಾಗುತ್ತದೆ ಅಂದವರೇ ಕಿಟಕಿಯಿಂದ ಬಗ್ಗಿ ವಲ್ಲಿ ಎಲ್ಲಿದೆ ಎಂದು ನೋಡತೊಡಗಿದರು.

ಎಸೆದ ಜಾಗದಲ್ಲಿ ಬಸ್ಸು ನಿಂತಿತು. ಜರಿಯ ವಲ್ಲಿ ಬದುವಿನ ಮೇಲೆಯೇ ಬಿದ್ದಿತ್ತು. ಬೆಟ್ಟಸ್ವಾಮಿ ಓಡಿಹೋಗಿ ಎತ್ತಿ, ಕೊಡವಿ, ಎರಡೂ ಕೈಯಲ್ಲಿ ತಂದುಕೊಟ್ಟ. ಉಳಿದ ಮೂರೂ ಸಿಕ್ಕವು. ಒರಟು ಟವಲು ಮಾತ್ರ ಕಾಣಲಿಲ್ಲ. ನಾನೂ ಚಿಕ್ಕಮಾದಯ್ಯನೂ ಬದುವಿನ ಉದ್ದಕ್ಕೂ ಹುಡುಕಿದೆವು. ಪುಟ್ಟಲಕ್ಷ್ಮಿ ಸೀರೆ ಎತ್ತಿಕಟ್ಟಿ ಒಡೆದ ಬೆರಳಿನಲ್ಲೇ ಕೆಸರಿಗೆ ಇಳಿದಳು.

ಅವಳು ಗದ್ದೆಯ ನಡುವೆ ಇರುವಾಗಲೇ ಬೆಟ್ಟಸ್ವಾಮಿ ಸೀಟಿ ಊದಿದ.

ನಾನು ಓಡಿಬಂದು ಬಸ್ಸಿನ ಮುಂದೆ ನಿಂತೆ. ಎರಡೂ ಕೈಯನ್ನು ಬಾನೆಟ್ಟಿನ ಮೇಲೆ ಊರಿದೆ. ಅಂಗೈ ಸುಡುತ್ತಿತ್ತು. ಡ್ರೈವರ್ ಹಾರನ್ ಒತ್ತಿದ, ಇಂಜಿನ್ನನ್ನು ಗುರ್ರೆನ್ನಿಸಿದ, ಒಂದು ಗೇಣು ಮುಂದಕ್ಕೂ ಬಿಟ್ಟ. ಮಂಡಿಗೆ ಬಡಿಯಿತು. ಇನ್ನೊಂದು ಗೇಣು ಬಿಟ್ಟರೆ ಪೊಲೀಸರಿಗೆ ನೀನೇ ಲೆಕ್ಕ ಹೇಳಬೇಕು ಅಂದೆ. ಚನ್ನಬಸವಣ್ಣ ಕಿಟಕಿಯಿಂದ ತಲೆ ಹಾಕಿ ನಮ್ಮ ಅಪ್ಪನ ಹೆಸರು ಹೇಳಿ ಬೈದ. ನಾನು ಅವರ ಅಪ್ಪನ ಹೆಸರು ಹೇಳಿದೆ.

ನಾಟಿಯ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, ನೀರಿನ ತೂಬಿನ ಕಡೆ ಕೈ ತೋರಿಸಿದಳು. ಪುಟ್ಟಲಕ್ಷ್ಮಿ ತೂಬಿಗೆ ಕೈ ಹಾಕಿ ಟವಲನ್ನು ಎಳೆದಳು. ನೆನೆದ ಗಂಟು ಕೈಗೆ ಬಿಚ್ಚಲಿಲ್ಲ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಕಾಗದದ ಶಾಯಿ ಹರಡಿ ಅವಳ ಹೆಸರು ಅರ್ಧ ಅಳಿಸಿತ್ತು. ಮೊಹರು ಇತ್ತು, ತಾರೀಖು ಇತ್ತು.

ಮೂವರೂ ಬಸ್ ಹತ್ತಿದೆವು. ಚನ್ನಬಸವಣ್ಣನ ಪಕ್ಕದ ಕಿಟಕಿ ಸೀಟು ಖಾಲಿ ಇತ್ತು. ಐದನೆಯ ಟವಲು ಬೆಳಿಗ್ಗೆ ಇದ್ದದ್ದು ಅಲ್ಲೇ. ಪುಟ್ಟಲಕ್ಷ್ಮಿ ನೀರು ಸೋರುತ್ತಿದ್ದ ಟವಲನ್ನು ಹಿಂಡಿ, ಆ ಸೀಟಿನ ಮೇಲೆ ಹಾಸಿ, ಅದರ ಮೇಲೆ ಕೂತಳು. ಬೆಟ್ಟಸ್ವಾಮಿ ಎದ್ದೇಳು ಅಂದ.

"ಟವಲ್ಲು ನಮ್ಮಪ್ಪುಂದು ಕಣ್ರೀ" ಅಂದಳು. "ಬೆಳಿಗ್ಗೇನೇ ಆಕಿದ್ದು."

ಬೆಟ್ಟಸ್ವಾಮಿ ಚನ್ನಬಸವಣ್ಣನ ಕಡೆ ನೋಡಿದ. ಚನ್ನಬಸವಣ್ಣ ಏನು ಹೇಳಿಯಾನು? ಟವಲಿಗಾಗಿ ಬಸ್ಸನ್ನೇ ತಿರುಗಿಸಿದವನು ಅವನು. ಜರಿಯ ವಲ್ಲಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಬಸ್ಸು ಊರಂಚಿಗೆ ಹೋಗಿ ತಿರುಗಿಕೊಂಡು ಬಂದು ಇಲವಾಲ ದಾಟುವವರೆಗೂ ರಸ್ತೆ ನೋಡಿಕೊಂಡು ಕೂತಿದ್ದ.

ಹತ್ತಕ್ಕೆ ಐದು ನಿಮಿಷ ಇರುವಾಗ ಅವಳು ಆಸ್ಪತ್ರೆಯ ಬಾಗಿಲೊಳಗೆ ಹೋದದ್ದನ್ನು ನಾನೇ ನೋಡಿದೆ. ಅಂಗಡಿಯಲ್ಲಿ ಆವತ್ತಿನ ಸಂಬಳ ಹೋಯಿತು. ಮರುದಿನದಿಂದ ಬೆಟ್ಟಸ್ವಾಮಿ ನನ್ನನ್ನು ಆ ಬಸ್ಸಿಗೆ ಹತ್ತಿಸಲಿಲ್ಲ. ಈಗ ರೈಲಿನಲ್ಲಿ ಹೋಗುತ್ತೇನೆ. ಅಲ್ಲೂ ನಿಂತೇ.

ತಿಂಗಳು ಕಳೆದ ಮೇಲೆ ಚಿಕ್ಕಮಾದಯ್ಯ ಅಂಗಡಿಗೆ ಬಂದ. ಮಗಳು ಆಯ್ಕೆಯಾಗಿದ್ದಳು, ಬಿಳಿ ಸೀರೆ ರವಿಕೆಗೆ ಬಟ್ಟೆ ಬೇಕಿತ್ತು. ನಿಮ್ಮಿಂದಾಯ್ತು ಬುದ್ಧಿ ಅಂತ ಕೈ ಮುಗಿದ. ನನಗೆ ಮತ್ತೆ ಸಿಟ್ಟು ಬಂತು. ಅವಳ ಕಾಗದವನ್ನು ಕೆಸರಿಗೆ ಹಾಕಿದವನು ನಾನು, ನನಗೇಕೆ ಕೈ ಮುಗಿಯುತ್ತೀಯ ಅಂದೆ. ಆವತ್ತೇ ಬಾಯಿ ಬಿಟ್ಟು ಟವಲು ನಂದು ಅಂದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ ಅಂತ ಗದರಿದೆ.

ಅವನು ಬಟ್ಟೆಯ ಅಂಚು ಮುಟ್ಟಿ ನೋಡುತ್ತಾ ಮೆಲ್ಲಗೆ ಹೇಳಿದ.

"ನಂದು ಅಂದಿದ್ರೆ ನೀವೂ ಎದ್ದೇಳು ಅಂತಿದ್ರೋ ಏನೋ ಬುದ್ಧಿ."

ಗಜಕಡ್ಡಿ ಕೈಯಲ್ಲೇ ಇತ್ತು. ಎಷ್ಟು ಅಳೆದಿದ್ದೆ ಎಂಬುದು ಮರೆತುಹೋಯಿತು. ಮತ್ತೆ ಮೊದಲಿನಿಂದ ಅಳೆದೆ.