ಹಂಚಿನ ಕಾರ್ಖಾನೆಯ ಪರದೆ

ಹಂಚಿನ ಕಾರ್ಖಾನೆಯ ಅಚ್ಚಿನ ಯಂತ್ರಕ್ಕೆ ಕುಶಲಾಳ ಬಲಗೈ ಸಿಕ್ಕಿದಾಗ ಅವಳ ಕೂಗು ಹೊಳೆಯ ಆಚೆ ದಡಕ್ಕೂ ಕೇಳಿಸಿತ್ತು. ಪಕ್ಕದಲ್ಲೇ ಬೆತ್ತ ಹಿಡಿದು ನಿಂತಿದ್ದ ಮೇಸ್ತ್ರಿ ದುಗ್ಗಪ್ಪ ಮಾತ್ರ ಯಂತ್ರ ನಿಲ್ಲಿಸಲು ಹೇಳಲಿಲ್ಲ. ಹಸಿ ಹಂಚಿನ ಮೇಲೆ ರಕ್ತ ಹರಿದ ಮೇಲೆ ಹೇಳಿದ. ಹಂಚು ಹಾಳಾಯಿತೆಂದು ಬೈದು, ಅವಳ ಜಡೆ ಹಿಡಿದು ಗೇಟಿನ ಹೊರಗೆ ಎಳೆದು ಹಾಕಿದ. ಜೊತೆಗೆ ಮಣ್ಣು ಹೊರುತ್ತಿದ್ದ ಗುಲಾಬಿ ಅವಳನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದಳು. ಅಲ್ಲಿ ಕೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿದರು.

ಕುಶಲಾಳ ಅಣ್ಣ ಬೋಜ ನಾಟಕ ಕಂಪೆನಿಗಳಿಗೆ ಪರದೆ ಬರೆಯುವವ. ಅರಮನೆ, ಕಾಡು, ಕೈಲಾಸ ಎಲ್ಲವೂ ಅವನ ಕುಂಚದಿಂದಲೇ ಬರಬೇಕು. ಬಿಜೈ ಕೇರಿಯ ತಮ್ಮ ಮನೆಯಲ್ಲಿ ತಂಗಿಯ ಗಾಯ ತೊಳೆದು ಕಟ್ಟುವಾಗ ಅವನು ಸಮಾಧಾನದ ಮಾತೇನೂ ಆಡುತ್ತಿರಲಿಲ್ಲ. ಯಂತ್ರ ಎಷ್ಟೆತ್ತರ ಉಂಟು, ಯಾರು ಎಲ್ಲಿ ನಿಂತಿದ್ದರು ಎಂದು ಕೇಳುತ್ತಿದ್ದ. ಕುಶಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಗಾಯದ ನೀರಿನ ಬಟ್ಟಲನ್ನೇ ಅವನ ಮೇಲೆ ಎಸೆದಳು.

ಡಿಸೆಂಬರಿನಲ್ಲಿ ಮೈದಾನದಲ್ಲಿ ಡೇರೆ ಹಾಕಿದ್ದ ಕಂಪೆನಿಯ ಆಟಕ್ಕೆ ಬೋಜ ತಂಗಿಯನ್ನು ಕರೆದುಕೊಂಡು ಹೋದ. ಹೆಂಗಸರ ಬದಿಯಲ್ಲಿ ಗುಲಾಬಿಯೂ ಕಾರ್ಖಾನೆಯ ಹೆಂಗಸರೂ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಕಾರ್ಖಾನೆಯ ಧಣಿ, ಹಿಂದೆಯೇ ದುಗ್ಗಪ್ಪ ಮತ್ತು ಅವನ ಆಳುಗಳು.

ರಾಜನ ಆಸ್ಥಾನ ಇಳಿಯಬೇಕಾದ ಹೊತ್ತಿಗೆ, ಹಗ್ಗ ಎಳೆಯುವ ಯಾಹ್ಯಾ ಬೇರೊಂದು ಪರದೆ ಇಳಿಸಿದ. ಅದರ ತುಂಬ ಕಾರ್ಖಾನೆ. ನಡುವೆ ಯಂತ್ರದ ಬಾಯಲ್ಲಿ ಒಂದು ಕೈ, ಬಾಯಿ ತೆರೆದ ಹೆಂಗಸು, ಪಕ್ಕದಲ್ಲಿ ಬೆತ್ತ. ಮುಖಗಳೆಲ್ಲ ಗುರುತು ಸಿಗುವ ಹಾಗೆ ಇದ್ದವು.

ಕುಶಲಾ ಮೊಂಡುಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಊರೆದುರು ಬತ್ತಲೆ ನಿಲ್ಲಿಸಿದ ಹಾಗಾಗಿತ್ತು ಅವಳಿಗೆ.

ದುಗ್ಗಪ್ಪನ ಆಳುಗಳು ರಂಗಕ್ಕೆ ನುಗ್ಗಿದರು. ಪರದೆ ಎತ್ತಲು ಹೇಳಿದರೆ ಯಾಹ್ಯಾ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತುಬಿಟ್ಟ. ಬಿದಿರಿನಿಂದ ಬಡಿದರೂ ಬಿಡಲಿಲ್ಲ. ಅಡ್ಡ ಬಂದ ಬೋಜನ ಮುಖಕ್ಕೆ ಒಬ್ಬ ಸೋಡಾ ಬಾಟ್ಲಿಯಲ್ಲಿ ಹೊಡೆದ. ಅವನು ಕಣ್ಣು ಹಿಡಿದುಕೊಂಡು ಕುಸಿದ. ದುಗ್ಗಪ್ಪ ಚೂರಿ ತೆಗೆದು ಪರದೆಯನ್ನು, ಸರಿಯಾಗಿ ಆ ಹೆಂಗಸಿನ ಮುಖದ ಮೇಲೆ, ಸೀಳಿದ.

ಆಗ ಕುಶಲಾ ಎದ್ದಳು. ರಂಗ ಹತ್ತಿ, ಹಲ್ಲಿನಿಂದ ಗಾಯದ ಬಟ್ಟೆ ಕಿತ್ತು, ಮೊಂಡುಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದು ಬಣ್ಣ ಅಲ್ಲ," ಎಂದಳು. "ನನ್ನ ಕೈ."

ದುಗ್ಗಪ್ಪ ಅವಳ ಹೊಟ್ಟೆಗೆ ಒದ್ದ. ಅಷ್ಟೇ ಸಾಕಾಯಿತು. ಬೆತ್ತದ ಪೆಟ್ಟನ್ನು ವರ್ಷಗಟ್ಟಲೆ ಬೆನ್ನಿನಲ್ಲಿ ಹೊತ್ತಿದ್ದ ಹೆಂಗಸರು ಬೆಂಚು ಮುರಿದು ಮೇಲೇರಿದರು. ಗುಲಾಬಿಯ ಏಟಿಗೆ ಅವನ ದವಡೆ ಮುರಿಯಿತು. ಬಿದ್ದವನ ಎದೆಯ ಮೇಲೆ ಕುಶಲಾ ಮೊಣಕಾಲೂರಿ, ಉಳಿದ ಒಂದು ಕೈಯಿಂದ ಅವನ ಗಂಟಲು ಅದುಮಿದಳು. ಅವನ ಕಣ್ಣು ಮೇಲೆ ಸರಿಯುವಾಗ ಅವಳಿಗೆ ಹಿತವಾಯಿತು. ಆ ಹಿತಕ್ಕೇ ಹೆದರಿ ಕೈ ಬಿಟ್ಟಳು.

ಬೋಜನ ಎಡಗಣ್ಣು ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಬಳಿ ಕೂತು ಅವಳು ಕೇಳಿದಳು: "ನನ್ನನ್ನು ಕೇಳದೆ ಯಾಕೆ ಬರೆದೆ ಅಣ್ಣ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು," ಎಂದಳು.

ಮರುದಿನ ಕಾರ್ಖಾನೆಯೊಳಗೆ ಯಾರೂ ಕಾಲಿಡಲಿಲ್ಲ. ಹರಿದ ಪರದೆಯನ್ನು ಹೊಲಿದು, ಎರಡು ಬಿದಿರಿಗೆ ಕಟ್ಟಿ ಗೇಟಿನೆದುರು ನಿಲ್ಲಿಸಿದರು. ಪೊಲೀಸರು ಲಾಠಿ ಬೀಸಿದರು, ಗುಲಾಬಿಯ ತಲೆ ಒಡೆಯಿತು, ಅವರು ಹಚ್ಚಿದ ಬೆಂಕಿಗೆ ಪರದೆ ಸುಟ್ಟುಹೋಯಿತು. ಆದರೂ ಹೆಂಗಸರು ಕದಲಲಿಲ್ಲ. ಬೇರೆ ಕಾರ್ಖಾನೆಯವರೂ ಬಂದು ಕೂತರು. ಬೂದಿ ಬಿದ್ದ ಜಾಗದ ಪಕ್ಕದಲ್ಲೇ ಯಾರೋ ಇದ್ದಿಲಿನಿಂದ ಗೇಟಿನ ಗೋಡೆಯ ಮೇಲೆ ಅದೇ ಕೈಯನ್ನು ಗೀಚಿದ್ದರು, ಬೆರಳುಗಳು ಸೊಟ್ಟಗೆ.

ಕೊನೆಗೆ ಧಣಿ ಬಗ್ಗಿದ. ಯಂತ್ರಗಳಿಗೆ ಕಬ್ಬಿಣದ ತಡೆ ಬಂತು, ಮೇಸ್ತ್ರಿಗಳ ಕೈಯಿಂದ ಬೆತ್ತ ಹೋಯಿತು. ಕುಶಲಾಳನ್ನು ಮಾತ್ರ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಹೊಳೆಬದಿಯ ಉಳಿದ ಕಾರ್ಖಾನೆಗಳ ಗೇಟಿಗೆ ಹೋಗಿ ನಿಲ್ಲತೊಡಗಿದಳು. ಊಟದ ಗಂಟೆಗೆ ಹೊರಬಂದ ಹೆಂಗಸರ ಜೊತೆ ನೆಲದಲ್ಲಿ ಕೂತು, ಒಳಗೆ ಎಂತ ನಡೆಯುತ್ತದೆ, ಯಂತ್ರಕ್ಕೆ ತಡೆ ಉಂಟಾ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.